ಇವೊನಿಲ್ಡೆ ಸಾಕಿದ ಕುರಿಯೊ

ಕಡಲ ದಂಡೆಯ ಪೆರುಯಿಬೆ ಊರಿನಲ್ಲಿ ನಮ್ಮ ಮನೆಗೂ ಇವೊನಿಲ್ಡೆಯ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಒಟಾಸಿಲಿಯೊ ಬಸ್ ಓಡಿಸುತ್ತಿದ್ದ. ಉಳಿದ ಹೊತ್ತೆಲ್ಲ ಕುರಿಯೊ ಹಕ್ಕಿಗಳ ಜೊತೆ. ಕುರಿಯೊ ಒಂದೊಂದು ಸೀಮೆಯಲ್ಲಿ ಒಂದೊಂದು ಥರ ಹಾಡುತ್ತದೆ. ನಮ್ಮ ಕರಾವಳಿಯ ಧಾಟಿಯೇ ಬೇರೆ, ಒಟಾಸಿಲಿಯೊ ಹುಟ್ಟಿದ ಬಹಿಯಾದ್ದೇ ಬೇರೆ. ಹಕ್ಕಿ ಹಾಡಿನ ಸ್ಪರ್ಧೆಯಲ್ಲಿ ಗೆಲ್ಲುವುದು ಕರಾವಳಿಯದು. ಎಳೆ ಮರಿ ಏನು ಕೇಳುತ್ತದೋ ಅದನ್ನೇ ಜೀವಮಾನವಿಡೀ ಹಾಡುತ್ತದೆ. ಅದಕ್ಕೇ ಅವನು ಬೇರೆ ಸದ್ದು ಒಳಗೆ ಬರದಂತೆ ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು, ಮರಿಯನ್ನು ಅಲ್ಲಿಟ್ಟು, ಗಂಟೆಗೊಮ್ಮೆ ಕರಾವಳಿ ಹಾಡಿನ ಕ್ಯಾಸೆಟ್ ಹಾಕುತ್ತಿದ್ದ.

"ಮೂರು ತಿಂಗಳು ಈ ಮನೇಲಿ ಯಾರೂ ದನಿ ಎತ್ತೋ ಹಾಗಿಲ್ಲ ಕಣೇ."

"ನಿಮ್ಮ ಗೊರಕೆಗೆ ಏನ್ಮಾಡ್ಲಿ?" ಎಂದಿದ್ದಳು ಇವೊನಿಲ್ಡೆ.

ಮರಿಗೆ ಐವತ್ತು ದಿನವಾಗಿದ್ದಾಗ, ಡಿಪೋದಲ್ಲಿ ಕಾಫಿ ಕುಡಿಯುತ್ತ ಕುಸಿದ ಒಟಾಸಿಲಿಯೊ ಮತ್ತೆ ಏಳಲಿಲ್ಲ.

ಹೆಣವನ್ನು ತನ್ನ ಮನೆಗೆ ತರಲು ಇವೊನಿಲ್ಡೆ ಬಿಡಲಿಲ್ಲ. ಪಕ್ಕದ ಬೀದಿಯ ನಾದಿನಿ ದಾಲ್ವಾಳ ಮನೆಯಲ್ಲಿ ಇರಿಸಿದರು. ಅಲ್ಲಿ ಎಲ್ಲರೂ ಗೋಳಾಡುತ್ತಿದ್ದರೆ ಇವಳು ಒಣಗಣ್ಣಲ್ಲಿ ಕೂತಿದ್ದಳು. ನಡುನಡುವೆ ಎದ್ದು ಹೋಗಿ ಕ್ಯಾಸೆಟ್ ಹಾಕಿ ಬಂದಳು. ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿಸಿ ಮಾತಾಡಿಸಲು ಬಂದವರಿಗೆ ಗೇಟಿನ ಹೊರಗೇ ಕಾಫಿ ಕೊಟ್ಟಳು. ದಾಲ್ವಾ ತಡೆಯಲಾರದೆ ಕೂಗಿದಳು.

"ಅಣ್ಣ ಹೋಗಿ ವಾರ ಆಗಿದೆ, ನಿಮಗೆ ಹಕ್ಕೀದೇ ಚಿಂತೆ! ಎದೇಲಿ ಕಲ್ಲಿಟ್ಕೊಂಡಿದೀರಾ ಅತ್ತಿಗೆ?"

"ಮೆಲ್ಲಗೆ, ದಾಲ್ವಾ. ಇನ್ನೂ ಒಂದು ತಿಂಗಳಿದೆ."

ಅವನು ಶುರು ಮಾಡಿದ್ದನ್ನು ನಡುವೆ ಬಿಟ್ಟರೆ ಮರಿ ಕೆಡುತ್ತದೆ ಎಂದಷ್ಟೇ ನನಗೆ ಹೇಳಿದಳು. ಆ ತಿಂಗಳೂ ಕಳೆಯಿತು.

"ಇನ್ನು ಅಳಬಹುದಲ್ವೇನೆ?" ಎಂದೆ.

"ಬಾಗಿಲು ಹಾಕ್ಕೊಂಡು ಕೂತು ನೋಡಿದೆ. ಬರಲಿಲ್ಲ." ನಲ್ಲಿಯಲ್ಲಿ ನೀರು ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ಮುಂದಿನ ವರ್ಷ ಅಕ್ಟೋಬರಿನಲ್ಲಿ ಸ್ಪರ್ಧೆ. ಒಟಾಸಿಲಿಯೊ ಬದುಕಿದ್ದಾಗಲೇ ಹೆಸರು ಬರೆಸಿಟ್ಟಿದ್ದ. ಇವೊನಿಲ್ಡೆ, ದಾಲ್ವಾ, ನಾನು ಮೂವರೂ ಹಕ್ಕಿ ತೆಗೆದುಕೊಂಡು ಹೋದೆವು. ಅದು ಹಾಡಿತು. ಕಣ್ಣು ಮುಚ್ಚಿ ಕೇಳುತ್ತಿದ್ದ ಮುದಿ ತೀರ್ಪುಗಾರ ಹಾಳೆಯ ಮೇಲೆ ಗೀಟು ಎಳೆದ.

"ಶುರು ಚೆನ್ನಾಗಿದೆ ಅಮ್ಮಾ. ಕೊನೇಲಿ ಎಳೀತಲ್ಲ, ಅದು ನಮ್ಮ ಕಡೇದಲ್ಲ, ಬಹಿಯಾದ್ದು. ಬೆರಕೆ ಆಗಿಬಿಟ್ಟಿದೆ. ಯಾರೋ ಹತ್ತಿರ ನಿಂತು ಸಿಳ್ಳೆ ಹಾಕಿದಾರೆ."

"ನೀರು ಬದಲಾಯಿಸೋವಾಗ ಹಾಕ್ತಿದ್ರು," ಎಂದಳು ಇವೊನಿಲ್ಡೆ. "ಹಾಕ್ತಿದೀನಿ ಅಂತ ಅವರಿಗೇ ಗೊತ್ತಿರ್ತಿರಲಿಲ್ಲ."

ದಾಲ್ವಾ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಚಿಕ್ಕಂದಿನಲ್ಲಿ ಊರಿನ ಹೊಳೆದಂಡೆಯಲ್ಲಿ ಹಾಕುತ್ತಿದ್ದ ಸಿಳ್ಳೆಯೇ ಅದು ಎಂದಳು. ಜನ ತಿರುಗಿ ನೋಡಿದರು. ನಾನು ಇವೊನಿಲ್ಡೆಯ ಮುಖ ನೋಡಿದೆ. ಅವಳು ಪಂಜರಕ್ಕೆ ಬಟ್ಟೆ ಹೊದಿಸಿ, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡುತ್ತಿದ್ದಳು.

"ಬಸ್ಸಿಗೆ ಹೊತ್ತಾಯ್ತು," ಎಂದಳು.

ಬಸ್ಸಿನಲ್ಲಿ ಪಂಜರವನ್ನು ದಾಲ್ವಾಳ ತೊಡೆಯ ಮೇಲಿಟ್ಟಳು.

"ನೀನೇ ಇಟ್ಕೋ."

"ಅಯ್ಯೋ ಅತ್ತಿಗೆ, ಮತ್ತೆ ನಿಮಗೆ?"

"ನಂಗೆ ಹಕ್ಕಿ ಕೂಗಿದ ಹಾಗೆ ಕೇಳುತ್ತೆ, ಅಷ್ಟೆ. ನಿಂಗೆ ಅಣ್ಣ ಕೇಳಿಸ್ತಾನಲ್ಲ."

ಮರುವಾರ ನಾವಿಬ್ಬರೂ ಹಾಸಿಗೆಗಳನ್ನು ಕಿತ್ತೆವು. ಆಮೇಲೆ ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಭಾನುವಾರ ದಾಲ್ವಾಳ ಮನೆಗೆ ಹೋಗಿ ಅನ್ನ, ಬೀನ್ಸ್ ಕಾಳು ಉಣ್ಣುತ್ತಾಳೆ. ಕಿಟಕಿಯಲ್ಲಿ ಕುರಿಯೊ ಹಾಡುತ್ತಿರುತ್ತದೆ. ಇವಳು ಪಾತ್ರೆ ತೊಳೆದಿಟ್ಟು ಬರುತ್ತಾಳೆ. ದಾಲ್ವಾ ಈಗ ಕಲ್ಲು ಗಿಲ್ಲು ಅನ್ನುವುದಿಲ್ಲ.

ಮೊನ್ನೆ ಗೋಡೆಯ ಮೇಲಿಂದ ಮತ್ತೆ ಕೇಳಿದೆ, "ಅಳು ಏನಾದ್ರೂ ಬಂತೇನೆ?"

"ಇಲ್ಲ," ಎಂದಳು. "ಬೆಂಡೆಕಾಯಿ ಬೇಕಾ? ಸ್ಕೂಲಲ್ಲಿ ಉಳಿದಿತ್ತು."