ಉಪ್ಪಿನಕಾಯಿ ಹಾಕಿದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊದಲ ಸಲ ಬಸುರಿಯಾದಾಗ, ಕೊನೆಯ ಮುಟ್ಟಿನ ದಿನ ನನಗೆ ನೆನಪಿರಲಿಲ್ಲ. ಹಲಸೂರಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, "ಏಳು ವಾರ ಆಗಿದೆ ನೋಡಮ್ಮ" ಎಂದರು. ಟ್ರೈನಿಂಗ್ ಎಂದು ಎರಡು ತಿಂಗಳು ಪುಣೆಯಲ್ಲಿದ್ದ ಗಂಡ ಮನೆಗೆ ಬಂದು ಐದೇ ವಾರವಾಗಿತ್ತು! ಕೇಳಲು ನಾಚಿಕೆಯಾಗಿ ಎದ್ದು ಬಂದೆ. ಕಾಕ್ಸ್‌ಟೌನಿನ ಮನೆ ಮುಟ್ಟುವವರೆಗೂ ಆಟೋದಲ್ಲಿ ಬೆರಳು ಮಡಚಿ ಮಡಚಿ ಎಣಿಸಿದೆ. ಎರಡು ವಾರ ಹೆಚ್ಚೇ ಬರುತ್ತಿತ್ತು.

ಮನೆಯಲ್ಲಿದ್ದವರು ಗದಗಿನ ಅತ್ತೆ. ತಿಂಗಳ ಆ ಮೂರು ದಿನ ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಆ ಸಿಟ್ಟು ನನಗೆ ಸದಾ ಇತ್ತು. ಅಳುತ್ತಲೇ ಅವರಿಗೆ ವಿಷಯ ಹೇಳಿದೆ.

ಅತ್ತೆ ಗೊಳ್ಳೆಂದು ನಕ್ಕರು. "ಹುಚ್ಚಿ! ಡಾಕ್ಟರು ಲೆಕ್ಕ ಹಿಡಿಯೋದು ಕೊನೀ ಮುಟ್ಟಿನಿಂದ. ಬಸಿರು ನಿಲ್ಲೋದು ಅದಾದ ಎರಡು ವಾರಕ್ಕ. ನಾ ಮಾವಿನ ಉಪ್ಪಿನಕಾಯಿ ಹಾಕಿದ ದಿನಾನ ನೀ ಹೊರಗಾಗಿದ್ದಿ. ಭರಣಿ ಮುಟ್ಟಿದಿ ಅಂತ ಬೈದಿದ್ದೆ, ನೆನಪಿಲ್ಲೇನು?"

ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬೆರಳಿಟ್ಟು ಎಣಿಸಿದರು. ಸರಿಯಾಗಿ ಏಳು ವಾರ.

ನೆನಪಾಯಿತು. ಆ ದಿನ ನಾನು ಬೇಕೆಂದೇ ಮುಟ್ಟಿದ್ದೆ. ವರ್ಷದ ಉಪ್ಪಿನಕಾಯಿ ಕೆಟ್ಟೇ ಹೋಯಿತೆಂದು ಅವರು ಸಂಜೆಯವರೆಗೂ ಗೊಣಗಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಬಾಯಿಗೇನೂ ರುಚಿಸಲಿಲ್ಲ. ಅತ್ತೆ ಅದೇ ಭರಣಿಯನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಮುಚ್ಚಳ ತೆಗೆದರು. ಕಾಯಿಗೆ ಏನೂ ಆಗಿರಲಿಲ್ಲ.

"ಹೆಂಗೂ ಮುಟ್ಟೀದಿ," ಎಂದರು, "ನೀನ ತಗೋ."