ಮಂಗಳಕ್ಕೆ ಎದ್ದವಳು

ಬೆಳಗಾವಿಯ ಟಿಳಕವಾಡಿಯ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಸಂಗೀತ ನಾಟಕದ ತಾಲೀಮು. ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡು, ಡ್ರಮ್ಮು. ಕಾಲಕ್ಕೆ ತಕ್ಕ ಕೋಲ. ನನ್ನ ಅಕ್ಕನದು ಗೌಡತಿಯ ಪಾತ್ರ. ಊರಿಗೆ ಬಂದ ಕಳ್ಳನನ್ನು ಕೊಲ್ಲಿರೆಂದು ಗೌಡತಿ ಅಪ್ಪಣೆ ಕೊಡುತ್ತಾಳೆ. ಅವನೋ, ಎಂದೋ ಕಳೆದುಹೋದ ಅವಳ ಮಗ. ಗೊತ್ತಾದ ಮೇಲೆ ಎದೆಯೊಡೆದು ಸಾಯುತ್ತಾಳೆ. ನಾನು ಹಿಮ್ಮೇಳದಲ್ಲಿದ್ದೆ.

ನಿರ್ದೇಶಕರು ಗ್ರೀಕರ ದುರಂತ ನಾಟಕಗಳನ್ನು ಅರೆದು ಕುಡಿದವರು. "ಮೇಳದವ್ರಿಗೆ ಎಲ್ಲಾ ಗೊತ್ತಿರತೈತ್ರಿ. ಆದ್ರ ತಡಿಯಾಕ ಬರೂದಿಲ್ಲ. ಹಾಡೂದಷ್ಟ ನಿಮ್ಮ ಕೆಲಸ," ಎಂದರು. ನಾನು ಅಕ್ಕನತ್ತ ನೋಡಿದೆ. ಅಕ್ಕನ ಹೊಟ್ಟೆಯ ಗಡ್ಡೆ ಹಬ್ಬಿದೆ, ಇನ್ನು ಕೈಮೀರಿತು ಎಂದು ಡಾಕ್ಟರು ಆ ವಾರವಷ್ಟೇ ಭಾವನಿಗೂ ನನಗೂ ಹೇಳಿದ್ದರು. ಅಕ್ಕನಿಗೆ ನಾವು ಅಲ್ಸರ್ ಎಂದಿದ್ದೆವು. 'ಅರಿಯದೆ ನಡೆದಾಳೆ ತಾಯಿ' ಎಂದು ದಿನವೂ ಅವಳ ಬೆನ್ನ ಹಿಂದೆ ನಿಂತು ಹಾಡುವಾಗ ನನಗೆ ಆ ಗ್ರೀಕರ ಮೇಲೇ ಸಿಟ್ಟು ಬರುತ್ತಿತ್ತು.

ನಮ್ಮ ಕಡೆ ಕಥೆ ಎಷ್ಟೇ ದುಃಖದ್ದಿರಲಿ, ಕೊನೆಗೆ ಸತ್ತವರೂ ಎದ್ದು ಎಲ್ಲರ ಜೊತೆ ಮಂಗಳ ಹಾಡಬೇಕು. ರಂಗದ ಮೇಲೆ ಹೆಣ ಬಿಟ್ಟು ಜನರನ್ನು ಮನೆಗೆ ಕಳಿಸುವುದಿಲ್ಲ. ನಿರ್ದೇಶಕರು ಅದನ್ನೇ ತೆಗೆದುಹಾಕಿದರು. "ದುರಂತ ಅಂದ್ರ ದುರಂತ. ಸತ್ತಾಕಿ ಎದ್ದು ಹಾಡಿದ್ರ ಜನ ನಗತಾರ್ರಿ." ಅಕ್ಕ ಸುಮ್ಮನಿದ್ದಳು. ಅವಳು ಸುಮ್ಮನಿದ್ದಾಳೆಂದರೆ ಒಪ್ಪಿದಳೆಂದು ಅರ್ಥವಲ್ಲ.

ಖಾನಾಪುರದಲ್ಲಿ, ಅವಳ ಗಂಡನ ಊರಿನಲ್ಲಿ, ಪ್ರಯೋಗ. ಗೌಡತಿ ಸತ್ತಳು. ದೀಪ ಆರಬೇಕು. ಅಷ್ಟರಲ್ಲಿ ಅಕ್ಕ ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದು, ಶ್ರುತಿಗೂ ಕಾಯದೆ ಮಂಗಳ ಎತ್ತಿಕೊಂಡಳು. ಹಾರ್ಮೋನಿಯಂ ಪೇಟಿಯವರು ಅವಳ ಸ್ವರ ಹುಡುಕಲು ಒದ್ದಾಡಿದರು. ನಾವೂ ದನಿಗೂಡಿಸಿದೆವು. ಯಾರೂ ನಗಲಿಲ್ಲ. ಮನೆಯಲ್ಲಿ ಮರಾಠಿ ಆಡುವ ಹೆಂಗಸರೂ ಎದ್ದು ಕೈಮುಗಿದರು.

ಒಳಗೆ ಬಂದು ಗದರಿದೆ. "ಯಾಕ ಎದ್ದಿ ಅಕ್ಕಾ? ಸರ್ ಬ್ಯಾಡ ಅಂದಿದ್ರಲ್ಲ."

ಅವಳು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದಳು. "ಸತ್ತಾಕಿ ಎದ್ದು ನಿಂದ್ರೂದು ನಾಟಕದಾಗಷ್ಟ ಆಗತೈತಿ ತಂಗಿ. ಅದನ್ನೂ ಬಿಡು ಅಂದ್ರ ಹೆಂಗ?"

ನಾನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಹಣೆಯ ಬಣ್ಣ ಒರೆಸತೊಡಗಿದೆ.

"ನನಗ ಗೊತ್ತೈತಿ ಅಂತ ನಿನ್ನ ಭಾವಗ ಹೇಳಬ್ಯಾಡ. ಅಲ್ಸರ್ ಅಂತ ನಂಬಿಸೇನಿ ಅಂತ ಪಾಪ ಸಮಾಧಾನದಾಗ ಅದಾನ."

ಹೇಳಲಿಲ್ಲ. ಇಬ್ಬರ ನಡುವೆ ನಾನೊಬ್ಬಳೇ ಎಲ್ಲ ಬಲ್ಲ ಮೇಳದವಳಾಗಿ ಉಳಿದೆ. ಮಳೆಗಾಲಕ್ಕೆ ಮೊದಲೇ ಅಕ್ಕ ಹೋದಳು.

ಮುಂದೆ ಬೆಳಗಾವಿಯಲ್ಲಿ ಮತ್ತೆ ಆಡಿದೆವು. ಗೌಡತಿಯಾಗಿ ಬೇರೊಬ್ಬಳು. ಮಂಗಳ ಇರಲಿ ಎಂದು ನಿರ್ದೇಶಕರು ತಾವಾಗಿಯೇ ಹೇಳಿದ್ದರು. ಕೊನೆಗೆ ಅವಳು ಸೆರಗು ಸರಿಪಡಿಸಿಕೊಂಡು ಎದ್ದಳು, ಚೆನ್ನಾಗಿಯೇ ಹಾಡಿದಳು. ಪಾಪ, ಅವಳದೇನು ತಪ್ಪು? ಆದರೂ ಎದ್ದಳಲ್ಲ ಎಂದು ನನಗೆ ಅವಳ ಮೇಲೆ ತಡೆಯಲಾಗದಷ್ಟು ಸಿಟ್ಟು ಬಂತು.