ಮೊಳದಪ್ಪನ ಅಳತೆ

ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದು ಮೊಳದಪ್ಪನಿಗೆ ಒಂದು ದೊಡ್ಡ ಕೆಲಸ. ಮೊದಲು ಎಡಕ್ಕೆ ಹೊರಳಬೇಕು. ಆಮೇಲೆ ಮೊಣಕೈ ಊರಬೇಕು. ಮೊಣಕೈ ತಕರಾರು ತೆಗೆಯದಿದ್ದರೆ ಕಾಲು ಕೆಳಗಿಳಿಸಬೇಕು. ಅಷ್ಟರಲ್ಲಿ ಸೊಂಟಕ್ಕೆ ಎಚ್ಚರವಾಗಿ, ನನ್ನನ್ನೊಂದು ಮಾತು ಕೇಳಿದಿರಾ ಎನ್ನುತ್ತದೆ. ಸೊಂಟವನ್ನು ರಮಿಸಿ ನಿಂತರೆ ಬಲಮಂಡಿ ಕಟಕ್ಕೆಂದು ಸದ್ದು ಮಾಡುತ್ತದೆ. ಪಕ್ಕದಲ್ಲಿ ಮಲಗಿದ ಹೆಂಡತಿ ಕಣ್ಣು ಮುಚ್ಚಿಕೊಂಡೇ ಏನದು ಎಂದು ಕೇಳಿದರೆ, ಮಂಚದ ಕೀಲು ಸಡಿಲವಾಗಿದೆ, ಭಾನುವಾರ ಬಿಗಿ ಮಾಡುತ್ತೇನೆ ಅನ್ನುತ್ತಾನೆ. ಮೂರು ವರ್ಷದಿಂದ ಆ ಭಾನುವಾರ ಬಂದಿಲ್ಲ. ಮಂಚ ಅವನೇ ಮಾಡಿದ್ದು, ಆನೆ ಮಲಗಿದರೂ ಅಲುಗುವಂಥದ್ದಲ್ಲ.

ಅರವತ್ತೆಂಟು ವರ್ಷದ ಬಡಗಿಗೆ ಮೈಕೈ ನೋಯುವುದರಲ್ಲಿ ವಿಶೇಷವೇನೂ ಇಲ್ಲ. ನೋವನ್ನು ಮುಚ್ಚಿಡುವುದರಲ್ಲಿ ಮಾತ್ರ ಈ ಮನುಷ್ಯನನ್ನು ಮೀರಿಸುವವರಿಲ್ಲ. ಬಿದ್ದ ಪೆನ್ಸಿಲ್ ಎತ್ತಲು ಬಗ್ಗುವ ಪಾಡು ಬೇಡವೆಂದು ಒಂದೊಂದು ಕಿವಿಗೆ ಒಂದೊಂದು, ಜೇಬಿನಲ್ಲಿ ಇನ್ನೂ ನಾಲ್ಕು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾನೆ. ಒಂದು ಬಿತ್ತೋ, ಅಲ್ಲಿಗೆ ಅದರ ಋಣ ತೀರಿತು. ಸಂಜೆ ಅಂಗಡಿ ಗುಡಿಸುವ ಮಗಳು ಮರದ ಹೊಟ್ಟಿನ ನಡುವಿನಿಂದ ಐದಾರು ಪೆನ್ಸಿಲ್ ಹೆಕ್ಕಿ, ಕೆಮ್ಮದೆ ಕ್ಯಾಕರಿಸದೆ ಡಬ್ಬಿಗೆ ಹಾಕುತ್ತಾಳೆ. ಕುಕ್ಕರಗಾಲಿನಲ್ಲಿ ಕೂತು ಏಳಲಾಗದೆ ಹೋದರೆ, ಮರದ ನಾರು ಹೇಗೆ ಓಡಿದೆ ನೋಡುತ್ತಿದ್ದೇನೆ ಎಂದು ಕಾಲು ಗಂಟೆ ಅಲ್ಲೇ ಇದ್ದುಬಿಡುತ್ತಾನೆ. ನೋವಿನ ಮುಲಾಮಿನ ವಾಸನೆ ಗುಟ್ಟು ರಟ್ಟು ಮಾಡೀತೆಂದು, ಹಚ್ಚಿಕೊಂಡ ದಿನ ಬೇಕೆಂದೇ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದಿಡುತ್ತಾನೆ. ಅವತ್ತು ಅಂಗಡಿಗೆ ಬಂದವರೆಲ್ಲ ಕಣ್ಣೊರೆಸಿಕೊಂಡು ಹೋಗುತ್ತಾರೆ.

ಮೊಳದಪ್ಪ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಬೀದಿಯವರು ಇಟ್ಟದ್ದು. ಟೇಪನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಉದ್ದಕ್ಕೆ ಮೊಳ, ಅಗಲಕ್ಕೆ ಗೇಣು, ಸಣ್ಣಪುಟ್ಟದ್ದಕ್ಕೆ ಬೆರಳು. ಮೇಜು ಅವನ ಸೊಂಟದ ಮೂಳೆಯವರೆಗೆ, ಕುರ್ಚಿ ಅವನ ಮಂಡಿಯವರೆಗೆ, ಕಪಾಟಿನ ಮೇಲಿನ ಹಲಗೆ ಅವನು ಎತ್ತಿದ ಕೈಯ ಬೆರಳ ತುದಿಯವರೆಗೆ. ಅಂಗಡಿಯ ನಡುವೆ ಒಂದು ಕಂಬವಿದೆ. ಅದಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಒತ್ತಿ ನಿಂತು, ಬಾಗಿಲ ಕಡೆ ನೋಡುತ್ತ ಬಲಗೈ ಎತ್ತುತ್ತಾನೆ. ಬೆರಳು ಮುಟ್ಟಿದಲ್ಲಿ ಬೇರೆ ಯಾರಾದರೂ ಗೆರೆ ಎಳೆಯಬೇಕು. ಆ ಗೆರೆಯಿಂದ ಕೆಳಕ್ಕೆ ಒಂದು ಪಟ್ಟಿ ಕತ್ತರಿಸಿಕೊಂಡರೆ ಮುಂದಿನ ಕೆಲಸಕ್ಕೆಲ್ಲ ಅದೇ ಆಧಾರ. ಹತ್ತು ವರ್ಷದಿಂದ, ಅಂದರೆ ಮಗಳು ಅಪ್ಪನ ಜೊತೆ ಕೆಲಸಕ್ಕೆ ನಿಂತಾಗಿನಿಂದ, ಗೆರೆ ಎಳೆಯುವವಳು ಅವಳೇ.

ಟೇಪು ತಂದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ನನ್ನ ಅಳತೆ ಒಂದು ಸಲ ತಪ್ಪಲಿ, ಅವತ್ತೇ ಗರಗಸ ಗೋಡೆಗೆ ನೇತುಹಾಕಿ ಮನೆಗೆ ಹೋಗುತ್ತೇನೆ, ಆಮೇಲೆ ಈ ಅಂಗಡಿ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದ. ಒಂದಲ್ಲ, ನೂರು ಸಲ ಹೇಳಿದ್ದ. ಒಳಗೊಳಗೆ ಆ ದಿನಕ್ಕೆ ಅವನಷ್ಟು ಹೆದರುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಕೈಯಲ್ಲಿ ಉಳಿ ಇಲ್ಲದಿದ್ದರೆ ಆ ಕೈಯನ್ನು ಎಲ್ಲಿಡಬೇಕೆಂದೇ ಅವನಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಎರಡು ಬೀದಿ ಆಚೆಯ ಗ್ರಂಥಾಲಯದಿಂದ ಕರೆ ಬಂತು. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿಗೆ ಆರು ಪುಸ್ತಕದ ಕಪಾಟು ಮಾಡಿಕೊಟ್ಟವನು ಇವನೇ. ಈಗ ಇನ್ನೂ ಆರು ಬೇಕು, ಅದೇ ಸಾಲಿನಲ್ಲಿ, ಅದೇ ಎತ್ತರಕ್ಕೆ. ಗ್ರಂಥಪಾಲಕಿ ಪುಸ್ತಕವೊಂದು ಬೆರಳಷ್ಟು ಮುಂದೆ ಬಂದು ಕೂತರೂ ಎದ್ದು ಹೋಗಿ ಒಳಕ್ಕೆ ತಳ್ಳುವ ಹೆಂಗಸು. ಹಳೆಯ ಕಪಾಟಿನ ಅಳತೆ ತೆಗೆದುಕೊಂಡು ಹೋಗಿ ಎಂದಳು. ಅಳತೆ ನನ್ನ ಮೈಮೇಲೇ ಇದೆ ಎಂದು ಎದೆ ತಟ್ಟಿಕೊಂಡು ಬಂದ.

ಅದೇ ವಾರ ಮಗಳ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ನೋಡಿಕೊಳ್ಳಲು ಮಗಳು ಎರಡು ವಾರ ಹೊರಟು ನಿಂತಳು. ಹೋಗುವಾಗ, ನಾನು ಬರುವವರೆಗೆ ಗೆರೆ ಎಳೆಸಬೇಡ ಎಂದು ಎರಡು ಸಲ ಹೇಳಿದಳು. ಮೊಳದಪ್ಪನಿಗೆ ನಗು ಬಂತು. ಗೆರೆ ಎಳೆಯಲೂ ಒಂದು ವಿದ್ಯೆ ಬೇಕೇ? ಪಕ್ಕದ ಗಾಜಿನ ಅಂಗಡಿಯವನನ್ನು ಕೂಗಿ ಕರೆದ. ಗಾಜು ಕತ್ತರಿಸುವವನ ಕೈ ಕೂದಲೆಳೆ ಆಚೀಚೆ ಹೋದರೂ ಗಾಜು ಹಾಳು. ಅವನು ಸ್ಟೂಲಿನ ಮೇಲೆ ಹತ್ತಿ, ಕಣ್ಣು ಕಿರಿದು ಮಾಡಿ, ಕೈ ಪೂರ್ತಿ ಎತ್ತಿದ್ದೀರಾ ಎಂದು ಕೇಳಿಕೊಂಡೇ, ಬೆರಳು ಮುಟ್ಟಿದ ಕಡೆ ಪ್ರಾಮಾಣಿಕವಾಗಿ ಗೆರೆ ಎಳೆದ. ಮೊಳದಪ್ಪನ ಮಟ್ಟಿಗೆ ಕೈ ಪೂರ್ತಿ ಎತ್ತಿಯೇ ಇತ್ತು. ಇನ್ನೂ ಎತ್ತಿದರೆ ಭುಜದಲ್ಲಿ ಯಾರೋ ಮೊಳೆ ಹೊಡೆದ ಹಾಗಾಗುತ್ತಿತ್ತು, ಅಷ್ಟೇ.

ಆರು ಕಪಾಟು ಹನ್ನೆರಡು ದಿನದಲ್ಲಿ ಮುಗಿದವು. ಎಂಥ ಕೆಲಸ ಅಂತೀರಿ! ಕೂಡಿಸಿದ ಕಡೆ ಉಗುರು ಹೋಗುತ್ತಿರಲಿಲ್ಲ. ವ್ಯಾನಿನಲ್ಲಿ ಹೇರಿಸಿ ಗ್ರಂಥಾಲಯಕ್ಕೆ ತಂದು, ಹಳೆಯ ಆರರ ಪಕ್ಕದಲ್ಲಿ ಮೊದಲನೆಯದನ್ನು ನಿಲ್ಲಿಸಿದರು. ಓದುತ್ತಿದ್ದವರು ತಲೆ ಎತ್ತಿದರು. ಹೊಸ ಕಪಾಟು ಹಳೆಯದಕ್ಕಿಂತ ಸರಿಯಾಗಿ ಒಂದು ಗೇಣು ಗಿಡ್ಡವಾಗಿತ್ತು. ಎರಡನೆಯದು, ಮೂರನೆಯದು, ಎಲ್ಲವೂ ಅಷ್ಟೇ. ಗ್ರಂಥಪಾಲಕಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಇವು ಇನ್ನೂ ಬೆಳೀತವಾ?" ಎಂದಳು.

ಮೊಳದಪ್ಪ ಮೊದಲು ನೆಲದ ಮೇಲೆ ಅನುಮಾನಪಟ್ಟ. ಕುಸಿದಿರಬಹುದು ಎಂದು ಕಾಲಲ್ಲಿ ಒತ್ತಿ ನೋಡಿದ. ಆಮೇಲೆ ಹಳೆಯ ಕಪಾಟುಗಳ ಮೇಲೆ ಅನುಮಾನಪಟ್ಟ. ಕೊನೆಗೆ ಹಳೆಯದೊಂದಕ್ಕೆ ಎದುರಾಗಿ ನಿಂತು, ಮೇಲಿನ ಹಲಗೆಗೆ ಕೈ ಎತ್ತಿದ. ಸಿಗಲಿಲ್ಲ. ತುದಿಗಾಲಲ್ಲಿ ನಿಂತ, ಆಗಲೂ ಸಿಗಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಹಲಗೆಗೆ ಬೆರಳು ಮುಟ್ಟಿಸಿ ತೋರಿಸಿದ್ದ. ನೇರ ಅಂಗಡಿಗೆ ಬಂದು, ಗರಗಸವನ್ನು ಗೋಡೆಗೆ ನೇತುಹಾಕಿ, ಬೀಗ ಜಡಿದು ಮನೆಗೆ ಹೋದ.

ಮೂರನೇ ದಿನ ಬಂದ ಮಗಳಿಗೆ ಗಾಜಿನವನ ಬಾಯಿಂದ ಎಲ್ಲ ತಿಳಿಯಿತು. ಮನೆಗೆ ಬಂದು ಅಪ್ಪನ ಎದುರು ಕೂತಳು.

"ನಾಲ್ಕು ವರ್ಷದಿಂದ ನಿನ್ನ ಬೆರಳು ಮುಟ್ಟಿದ ಕಡೆ ನಾನು ಗೆರೆ ಎಳೆದೇ ಇಲ್ಲ ಅಪ್ಪ. ಟೇಪು ಹಿಡಿದು ಮೇಲೆ, ನಿನ್ನ ಹಳೇ ಎತ್ತರಕ್ಕೆ ಎಳೀತಿದ್ದೆ."

ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದ.

"ಹೇಳಿದ್ರೆ ನೀನು ಗರಗಸ ನೇತುಹಾಕ್ತಿದ್ದೆ."

ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಅದರ ಹಿಂದೆಯೇ ಮಗಳ ಮೇಲೆ ಎಂಥದೋ ಮಮತೆ ಉಕ್ಕಿತು. ಆದರೆ ಅಂಗಡಿಗೆ ಬಾ ಎಂದು ಅವಳು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ಮಾತು ಮಾತೇ ಎಂದ.

ಮನೆಯಲ್ಲಿ ಕೂತ ಮೊಳದಪ್ಪ ಹೆಂಡತಿಯ ಪ್ರಾಣ ಹಿಂಡಿದ. ಡ್ರಾಯರಿನ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿದ, ಅವಳು ಅನ್ನ ಬಡಿಸಲು ಹೋದರೆ ದೊಡ್ಡದು ಯಾವ ಮೂಲೆ ಸೇರಿತೋ ಸಿಗಲೊಲ್ಲದು. ಕಿಟಕಿಯ ಪಕ್ಕ ನಿಂತು ಬೀದಿಯಲ್ಲಿ ಹೋಗುವವರ ನಡಿಗೆ ನೋಡಿ, ಇವನಿಗೆ ಎಡಮಂಡಿ, ಅವಳಿಗೆ ಬೆನ್ನು ಎಂದು ರೋಗ ಹೇಳತೊಡಗಿದ. ಗ್ರಂಥಪಾಲಕಿ ಮೂರು ಸಲ ಹೇಳಿ ಕಳಿಸಿದಳು. ಕಪಾಟಿನ ಅಡಿಗೆ ಒಂದು ಗೇಣು ಎತ್ತರದ ಪೀಠ ಕೊಟ್ಟರೆ ಮುಗಿಯಿತು, ಒಂದೂವರೆ ದಿನದ ಕೆಲಸ ಎಂದು ಮಗಳು ಲೆಕ್ಕ ಹಾಕಿದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಒಂಬತ್ತನೆಯ ದಿನ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ನಿಮ್ಮ ತಲೆ ಕೆಡಿಸಿದ ಆ ಕಪಾಟನ್ನು ನಾನೂ ಒಂದು ಸಲ ನೋಡಬೇಕು, ನಡೀರಿ ಎಂದಳು. ಒಲ್ಲೆ ಎಂದ. ಅವಳು ಬಾಗಿಲಿಂದ ಕದಲಲಿಲ್ಲ.

ದಾರಿಯಲ್ಲಿ ಇಬ್ಬರೂ ನಿಧಾನ ನಡೆದರು. ಹೆಂಡತಿಗೋಸ್ಕರ ನಿಧಾನ ಮಾಡುತ್ತಿದ್ದೇನೆ ಎಂದು ಅವನು ಅಂದುಕೊಂಡ. ಗಂಡನಿಗೋಸ್ಕರ ಎಂದು ಅವಳು ಅಂದುಕೊಂಡಳು. ಎರಡು ಬೀದಿ ದಾಟಲು ಅರ್ಧ ಗಂಟೆ ಹಿಡಿಯಿತು.

ಗ್ರಂಥಾಲಯದ ಒಳಗೆ ಅವನು ಬಾಗಿಲ ಬಳಿಯೇ ನಿಂತ. ಹೆಂಡತಿ ಗಿಡ್ಡ ಹೆಂಗಸು, ಅವನ ಕಿವಿಯ ಮಟ್ಟಕ್ಕೆ ಬಂದರೆ ಹೆಚ್ಚು. ಅವಳು ಹಳೆಯ ಕಪಾಟುಗಳನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಆಗಲೇ ಪುಸ್ತಕ ತುಂಬಿದ್ದ ಹೊಸದರ ಮುಂದೆ ನಿಂತು ಕೈ ಎತ್ತಿದಳು. ಮೇಲಿನ ಹಲಗೆಯಿಂದ ಒಂದು ಪುಸ್ತಕ ತೆಗೆದಳು. ಮತ್ತೆ ಅಲ್ಲೇ ಇಟ್ಟಳು. ಪಕ್ಕದ್ದನ್ನು ತೆಗೆದಳು, ಇಟ್ಟಳು. ಓದುವವರ ಹಾಗೆ ತಿರುವಿ ನೋಡಲೂ ಇಲ್ಲ. ಮೂರನೆಯದಕ್ಕೆ ಕೈ ಹಾಕುವಾಗ ಮೊಳದಪ್ಪ ಹತ್ತಿರ ಬಂದು, ಏನು ಮಾಡುತ್ತಿದ್ದೀಯ ಎಂದು ಪಿಸುಗುಟ್ಟಿದ.

"ಸಿಗ್ತಿದೆ, ಅದಕ್ಕೇ ತೆಗೀತಿದೀನಿ," ಎಂದಳು. "ನಲವತ್ತೊಂದು ವರ್ಷ ನಿಮ್ಮ ಕೈಗೆ ಸಿಗೋ ಮನೇಲಿ ಸಂಸಾರ ಮಾಡಿದೀನಿ ರೀ. ಈಗ ನೀವು ನನ್ನ ಎತ್ತರಕ್ಕೆ ಬಂದಿದೀರ."

ಅಡುಗೆಮನೆಯ ಗೂಡು, ಬಟ್ಟೆಯ ಕಪಾಟು, ಸ್ನಾನದ ಮನೆಯ ಹಲಗೆ, ಒಂದೊಂದೂ ಅವನ ಕಣ್ಣ ಮುಂದೆ ಬಂತು. ಎಲ್ಲವೂ ಅವನ ಬೆರಳ ತುದಿಯವರೆಗೆ.

"ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ದೆ. ಮದುವೆಯಾದ ವರ್ಷ. ಸ್ಟೂಲು ಮಾಡಿಕೊಟ್ರಿ."

ಮೊಳದಪ್ಪನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ತಡೆಯಲಾಗಲಿಲ್ಲ. ಗ್ರಂಥಪಾಲಕಿ ದೂರದಿಂದಲೇ ಬೆರಳನ್ನು ತುಟಿಗೆ ಒತ್ತಿ ತೋರಿಸಿದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಹೆಂಡತಿ ಇನ್ನೊಂದು ಕೈಯಿಂದ ಬಲಭುಜವನ್ನು ಹಿಡಿದುಕೊಂಡಿದ್ದು ಆಗ ಅವನ ಕಣ್ಣಿಗೆ ಬಿತ್ತು. ಆ ಹಿಡಿತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದ. ಎರಡು ವರ್ಷ ಎಂದಳು. ಪಾತ್ರೆ ತೆಗೆಯುವಾಗ ಹಿಡಿಯುತ್ತದೆ, ತಲೆ ಬಾಚುವಾಗ ಹಿಡಿಯುತ್ತದೆ, ಮಲಗಿದರೂ ಬಿಡುವುದಿಲ್ಲ.

"ಎರಡು ವರ್ಷ ಬಾಯಿ ಬಿಡಲಿಲ್ಲವಲ್ಲೇ."

"ನೀವು ಬಿಟ್ರಾ?"

ಅವನು ನಗು ನಿಲ್ಲಿಸಿ ಅವಳನ್ನೇ ನೋಡಿದ. ತನ್ನ ನೋವು ಅವಳಿಗೆ ಗೊತ್ತಾಗಬಾರದೆಂದು ಅಷ್ಟೆಲ್ಲ ನಾಟಕ ಆಡಿದವನಿಗೆ ಅವಳ ನೋವು ನೋಡಲು ಪುರುಸೊತ್ತೇ ಆಗಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಆ ತಿಂಗಳಲ್ಲಿ ಅವನಿಗೆ ಬಿದ್ದಿರಲಿಲ್ಲ.

ಬರುವ ದಾರಿಯಲ್ಲಿ ಅವನ ಮನಸ್ಸು ಹಗುರವಾಗುತ್ತ ಬಂತು. ಅಳತೆ ತಪ್ಪಿದ್ದು ನಿಜ, ಆದರೆ ತಪ್ಪಿದ್ದು ಹೋದ ತಿಂಗಳಲ್ಲ, ನಲವತ್ತೊಂದು ವರ್ಷದ ಹಿಂದೆ. ಅಂಥ ತಪ್ಪಿಗೆ ಈಗ ಗರಗಸ ನೇತುಹಾಕಿ ಕೂತರೆ ಯಾರಿಗೆ ಲಾಭ? ಮಾರನೆಯ ದಿನ ಅಂಗಡಿಗೆ ಹೋಗಿ ಮಗಳಿಗೆ ಇದನ್ನೇ ಹೇಳಿದ. ಅವಳು ವಾದ ಮಾಡಲಿಲ್ಲ, ಟೇಪಿನ ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಸತ್ತ ಹಾವನ್ನು ಹಿಡಿದವನ ಹಾಗೆ ಎರಡು ಬೆರಳಲ್ಲಿ ಹಿಡಿದ. ಗಿಡ್ಡ ಕಪಾಟು ಹಾಗೇ ಇರಲಿ ಎಂದರೂ ಗ್ರಂಥಪಾಲಕಿ, ಸಾಲು ಅಂದರೆ ಸಾಲು ಎಂದು ಪಟ್ಟು ಹಿಡಿದಳು. ಆರು ಪೀಠ ಮಾಡಿ ಕೂಡಿಸಿದರು. ಕುಕ್ಕರಗಾಲಲ್ಲಿ ಕೂತವನಿಗೆ ಏಳಲಾಗದಿದ್ದಾಗ, ಏಳಕ್ಕಾಗ್ತಿಲ್ಲ ಕಣೇ, ಕೈ ಕೊಡು ಎಂದ. ಮಗಳು ಕೈ ಕೊಟ್ಟಳು. ಅಷ್ಟು ಸುಲಭದ ಕೆಲಸ ಅದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಅಂಗಡಿಗೆ ಬರುವವರು ಮೇಜು ಬೇಕು ಅಂದರೆ, ಎಷ್ಟು ಉದ್ದ ಎಂದು ಕೇಳುವ ಮೊದಲು ಮೈ ಎಲ್ಲಿ ನೋಯುತ್ತದೆ ಎಂದು ಕೇಳುತ್ತಾನೆ. ಮಂಡಿ ಅಂದವರಿಗೆ ಕುರ್ಚಿ ನಾಲ್ಕು ಬೆರಳು ಎತ್ತರ, ಕತ್ತು ಅಂದವರಿಗೆ ಓದುವ ಮೇಜು ಓರೆ. ಹೇಳಿ ಮುಗಿಸಿದವರಿಗೆ ತನ್ನದನ್ನೂ ಒಂದಿಷ್ಟು ಹೇಳುತ್ತಾನೆ. ಬೇಗ ಹೋಗಬೇಕಾದವರು ಮಗಳ ಹತ್ತಿರ ಮಾತಾಡುವುದು ಒಳ್ಳೆಯದು.

ಆದರೆ ಇದೆಲ್ಲ ಆಮೇಲಿನ ಮಾತು. ಪೀಠದ ಕೆಲಸ ಮುಗಿದ ಮರುದಿನ ಅವನು ಅಂಗಡಿಗೆ ಹೋಗಲಿಲ್ಲ. ಅಡುಗೆಮನೆಯ ಗೂಡನ್ನು ಗೋಡೆಯಿಂದ ಕಳಚಿ ಕೆಳಗಿಳಿಸಿದ. ಪಾತ್ರೆಗಳೆಲ್ಲ ನೆಲದ ಮೇಲೆ ಹರಡಿದ್ದವು. ಹೆಂಡತಿಯನ್ನು ಕರೆದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲು ಎಂದ. ಕೈ ಎತ್ತು ಎಂದ. ನೋಯದಷ್ಟು ಮಾತ್ರ ಎತ್ತು, ಹಟ ಮಾಡಬೇಡ ಎಂದ. ಅವಳು ಮೆಲ್ಲಗೆ ಎತ್ತಿ, ಒಂದು ಕಡೆ ನಿಲ್ಲಿಸಿದಳು. ಅವನು ಕಿವಿಯಿಂದ ಪೆನ್ಸಿಲ್ ತೆಗೆದು, ಅವಳ ಬೆರಳ ತುದಿಗೆ ತಾಗಿಸಿ ಗೆರೆ ಎಳೆಯಲು ಹೋದ. ಅವಳು ತಿರುಗಿ ಗೆರೆಯ ಜಾಗ ನೋಡಿದಳು.

"ಇನ್ನೆರಡು ಬೆರಳು ಕೆಳಗೆ ಹಾಕಿ ರೀ," ಎಂದಳು. "ಮುಂದಿನ ವರ್ಷಾನೂ ಸಿಗಬೇಕಲ್ಲ."

ಅವನು ನಾಲ್ಕು ಬೆರಳು ಕೆಳಗೆ ಹಾಕಿದ.